ಹೂವಿನ ಪಲ್ಲಕ್ಕಿಯೊಳಗಿನ ಹಸುರು ತಂತಿ

ಟ್ರಾಕ್ಟರಿನ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ದೇವರು, ದೇವರ ಸುತ್ತ ಸಾವಿರ ದೀಪ! ಜಾತ್ರೆಯ ಇರುಳಿನಲ್ಲಿ ಬೀದಿ ಬೀದಿ ಸುತ್ತುವ ಈ ಮಂಟಪಕ್ಕೆ ಕರೆಂಟು ಬರುವುದೆಲ್ಲಿಂದ? ದೀಪ ಉರಿಯಲು ಎರಡು ತಂತಿ ಸಾಕು. ನೋಡಲು ಬಂದವರು ಮನೆ ಸೇರಲು ಮೂರನೆಯದೂ ಬೇಕು.

ವೈಶಾಖದ ಒಂದು ಜಾತ್ರೆಯ ಇರುಳು. ಹೊಸಕೋಟೆಯ ಕಡೆಯ ಒಂದು ಊರು. ಹಗಲಿನ ತೇರು ಮುಗಿದು, ಬಿಸಿಲಿಗೆ ಕಾದ ಬೀದಿ ಇನ್ನೂ ತಣಿಯುವ ಮುನ್ನವೇ, ಕೇರಿಕೇರಿಯಿಂದ ಹೊರಟ ಹೂವಿನ ಪಲ್ಲಕ್ಕಿಗಳು ಒಂದರ ಹಿಂದೊಂದಾಗಿ ಬಂದು ಪೇಟೆಯಲ್ಲಿ ಸಾಲುಗಟ್ಟುತ್ತವೆ. ಕನಕಾಂಬರ, ಸುಗಂಧರಾಜ, ಸೇವಂತಿಗೆಗಳ ಮಾಲೆಗಳ ನಡುವೆ ಉತ್ಸವಮೂರ್ತಿ. ಅದರ ಸುತ್ತ, ಕ್ಷಣಕ್ಕೊಂದು ಬಣ್ಣವನ್ನು ತಾಳಿ ಓಡುವ ದೀಪಗಳ ನವಿಲು, ಕಮಲ, ಗೋಪುರ.

ಪಲ್ಲಕ್ಕಿಯೆಂಬುದು ಈಗ ಹೆಸರಿಗೆ ಮಾತ್ರ. ಹೊರುವ ಹೆಗಲುಗಳ ಸ್ಥಾನಕ್ಕೆ ಟ್ರಾಕ್ಟರು ಬಂದಿದೆ. ದೀವಟಿಗೆಯ ಸ್ಥಾನಕ್ಕೆ, ಹಿಂದೆ ಗಾಲಿಯ ಮೇಲೆ ಗುಡುಗುತ್ತ ಬರುವ ಜನರೇಟರು ಬಂದಿದೆ. ಮಂಟಪದ ನೆತ್ತಿಯ ಬಳಿ ಕುಳಿತ ತರುಣನೊಬ್ಬ, ಬೀದಿಗೆ ಅಡ್ಡವಾಗಿ ಜೋತುಬಿದ್ದ ತಂತಿಗಳನ್ನು ಕವೆಗೋಲಿನಿಂದ ಮೇಲೆತ್ತಿ ದಾರಿ ಬಿಡಿಸುತ್ತಾನೆ. ಅದು ಟೀವಿ ಕೇಬಲ್ಲೋ ಕರೆಂಟಿನ ತಂತಿಯೋ ಎಂದು ವಿಚಾರಿಸುವಷ್ಟು ವ್ಯವಧಾನ ತಮಟೆಯ ಆ ಗದ್ದಲದಲ್ಲಿ ಯಾರಿಗೂ ಇರುವುದಿಲ್ಲ.

ನೋಡುವ ಕಣ್ಣುಗಳೆಲ್ಲ ದೀಪದ ಮೇಲೆ. ಈ ಲೇಖನದ ದೃಷ್ಟಿಯಾದರೋ, ಹೂವಿನ ಮರೆಯಲ್ಲಿ, ಟ್ರೇಲರಿನ ಹಲಗೆಯ ಅಡಿಯಲ್ಲಿ ಹಾದುಹೋಗುವ ತಂತಿಗಳ ಮೇಲೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ತಂತಿಗಳಿಗೆ ಬಿಡುವು ಕಡಮೆ. ಪುಷ್ಯ ಮಾಸದ ಶುದ್ಧ ಷಷ್ಠಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ರಥೋತ್ಸವ. ಆ ಆಸುಪಾಸಿನಲ್ಲೇ ಅಲ್ಲಿಯ ಹೆಸರಾಂತ ದನಗಳ ಜಾತ್ರೆ. ಸಂಕ್ರಾಂತಿಗೆ ನೆಲಮಂಗಲ ತಾಲ್ಲೂಕಿನ ಶಿವಗಂಗೆ. ಬೇಸಗೆಯುದ್ದಕ್ಕೂ ಹೊಸಕೋಟೆ, ದೇವನಹಳ್ಳಿಗಳ ಕಡೆ ಕರಗಗಳು, ತೇರುಗಳು. ಭಾದ್ರಪದ ಬಂದಿತೆಂದರೆ ಗಣಪತಿಯ ಮೆರವಣಿಗೆ. ಮಳೆಯ ನಾಲ್ಕು ದಿನ ಶೆಡ್ಡಿನಲ್ಲಿ ಮಲಗಿದ್ದ ಟ್ರೇಲರುಗಳಿಗೆ ಮತ್ತೆ ಬಣ್ಣ, ಮತ್ತೆ ಬಲ್ಬು, ಮತ್ತೆ ಟೇಪು.

ನಕ್ಷೆಯಿಲ್ಲದ ವಾಹನ

ಕಾರ್ಖಾನೆಯಲ್ಲಿ ಹುಟ್ಟಿದ ಕಾರಿಗೆ ವೈರಿಂಗಿನ ನಕ್ಷೆಯೊಂದಿರುತ್ತದೆ. ಯಾವ ತಂತಿ ಯಾವ ಬಣ್ಣದ್ದು, ಯಾವ ಫ್ಯೂಸು ಯಾವ ದೀಪದ್ದು ಎಂಬುದು ಅಚ್ಚಿನಲ್ಲಿರುತ್ತದೆ. ಪಲ್ಲಕ್ಕಿಯ ಟ್ರೇಲರು ಹಾಗಲ್ಲ. ಗೊಬ್ಬರ ಸಾಗಿಸಿದ ಹಳೆಯ ಟ್ರೇಲರಿನ ಮೇಲೆ ವೆಲ್ಡಿಂಗ್ ಅಂಗಡಿಯವರು ಆಂಗ್ಲು, ಚೌಕಪೈಪುಗಳಿಂದ ಚೌಕಟ್ಟನ್ನು ಕಟ್ಟುತ್ತಾರೆ. ಪೈಂಟರು ಪ್ಲೈವುಡ್ಡಿನ ಬೋರ್ಡುಗಳನ್ನು ಬರೆಯುತ್ತಾನೆ. ಲೈಟಿನವನು ಬಂದು ಪೋಣಿಸುತ್ತಾನೆ. ಒಂದರಂತೆ ಇನ್ನೊಂದಿಲ್ಲ. ಇದರ ನಕ್ಷೆಯೆಂದರೆ ಕಟ್ಟಿದವನ ನೆನಪು. ಆತನು ಕೂಲಿ ಸಾಲದೆಂದು ಬೇರೆ ಕಡೆ ಹೋದನೆಂದರೆ ನಕ್ಷೆಯೂ ಹೋಯಿತು.

ಆದರೂ ಇದರ ಅಂತರಂಗವು ಅಷ್ಟೇನೂ ಗಹನವಲ್ಲ. ಗಾಡಿಗೆ ವಿದ್ಯುತ್ತು ಬರಬಹುದಾದ ದಾರಿಗಳು ಮೂರು. ಆ ಮೂರನ್ನು ಪ್ರತ್ಯೇಕವಾಗಿ ಕಂಡುಕೊಂಡವನಿಗೆ ಮುಕ್ಕಾಲು ಪಾಲು ಅರ್ಥವಾದಂತೆಯೇ.

ಮೊದಲನೆಯದು ಟ್ರಾಕ್ಟರಿನ ಬ್ಯಾಟರಿ: 12 ವೋಲ್ಟು. ಟ್ರಾಕ್ಟರಿನ ಬೆನ್ನಿನಲ್ಲಿರುವ ಏಳು ಪಿನ್ನಿನ ಸಾಕೆಟ್ಟಿನ ಮೂಲಕ ಇದು ಟ್ರೇಲರಿನ ಹಿಂದೀಪ, ಬ್ರೇಕು ದೀಪ, ಇಂಡಿಕೇಟರುಗಳಿಗೆ ಹೋಗಬೇಕು. ಹೋಗಬೇಕು ಎಂದೆನೇ ಹೊರತು ಹೋಗುತ್ತದೆ ಎನ್ನಲಿಲ್ಲ. ಮುಂದೆ ಸಾವಿರ ದೀಪಗಳನ್ನು ಹೊತ್ತ ಪಲ್ಲಕ್ಕಿ, ಉತ್ಸವ ಮುಗಿಸಿ ನಸುಕಿನಲ್ಲಿ ಹೆದ್ದಾರಿ ಹಿಡಿದು ಊರಿಗೆ ಮರಳುವಾಗ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವುದನ್ನು ನೆಲಮಂಗಲದ ಕಡೆ ಲಾರಿ ಓಡಿಸುವವರೆಲ್ಲ ಬಲ್ಲರು.

ಈ 12 ವೋಲ್ಟಿನಿಂದ ಮೈಗೆ ಅಪಾಯವಿಲ್ಲ, ಬೆಂಕಿಯ ಅಪಾಯವುಂಟು. 120 ವಾಟಿನ ಭಾರವನ್ನು 230 ವೋಲ್ಟಿನಲ್ಲಿ ಉರಿಸಲು ಅರ್ಧ ಆಂಪಿಯರು ಸಾಕಾದರೆ, ಅದೇ ಭಾರಕ್ಕೆ 12 ವೋಲ್ಟಿನಲ್ಲಿ 10 ಆಂಪಿಯರು ಹರಿಯಬೇಕು. ಆದುದರಿಂದ ವೋಲ್ಟೇಜು ಕಡಮೆಯಾದಷ್ಟೂ ತಂತಿ ದಪ್ಪವಾಗಬೇಕು. ಕಡಮೆ ವೋಲ್ಟಿಗೆ ಸಣ್ಣ ತಂತಿ ನಡೆಯುತ್ತದೆಂಬ ಭ್ರಮೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪು.

ಎರಡನೆಯದು ಜನರೇಟರು: 230 ವೋಲ್ಟು, ಸೆಕೆಂಡಿಗೆ 50 ಆವರ್ತ. ಮೂರನೆಯದು, ಗಾಡಿ ನಿಂತಲ್ಲಿ ದೇವಸ್ಥಾನದಿಂದಲೋ ಅಂಗಡಿಯಿಂದಲೋ ಎಳೆದುಕೊಳ್ಳುವ ಊರಿನ ಕರೆಂಟು, ಎಂದರೆ ವಿದ್ಯುತ್ ಕಂಪನಿಯಾದ ಬೆಸ್ಕಾಂನದು. ಅದೂ 230 ವೋಲ್ಟೇ. ಈ ಎರಡನೆಯದೂ ಮೂರನೆಯದೂ ನೋಡಲು ಅವಳಿಗಳಾದರೂ ಸ್ವಭಾವದಲ್ಲಿ ಅಜಗಜಾಂತರ. ಅದನ್ನು ಮುಂದೆ ನಿಧಾನವಾಗಿ ಹೇಳಬೇಕಾಗಿದೆ.

ಪಂಜಿನಿಂದ ಪಿಕ್ಸೆಲ್ಲಿಗೆ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಹಳ್ಳಿಯ ಉತ್ಸವಕ್ಕೆ ಮಾತ್ರ ಅದು ಬಹುಕಾಲ ದೂರದ ನೆಂಟನಾಗಿಯೇ ಉಳಿದು, ಎಣ್ಣೆಯ ಪಂಜಿನ ತರುವಾಯ ತಲೆಯ ಮೇಲೆ ಹೊತ್ತ ಗ್ಯಾಸ್‌ಲೈಟೇ ದೇವರ ಮುಂದೆ ನಡೆಯಿತು.

ಆಮೇಲೆ ಬಂದುದು ಸೀರಿಯಲ್ ಸೆಟ್ಟು. ಈಗಿನದು ಎಲ್ಇಡಿ, ಒಂದು ಸರಕ್ಕೆ ಕೆಲವೇ ವಾಟುಗಳು. ಬೆಳಕು ಅಗ್ಗವಾದುದರಿಂದ ಬೆಳಕಿನ ಆಸೆ ಹಿಗ್ಗಿತು. ಆಗ ಹತ್ತು ಸರಗಳಿದ್ದ ಕಡೆ ಈಗ ನೂರು. ಧ್ವನಿವರ್ಧಕದ ಪೆಟ್ಟಿಗೆಗಳು ಆಳೆತ್ತರವಾದುವು. ವಿದ್ಯುತ್ತಿನ ಉಳಿತಾಯವೆಲ್ಲ ಶಬ್ದಕ್ಕೆ ಖರ್ಚಾಯಿತೆಂದು ನನ್ನ ಗುಮಾನಿ.

ಚೌಕಟ್ಟು: ಆರಿದ ಸರದ ಅಪಾಯ

ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಸುಮಾರು 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಒಂದರ ಬಾಲಕ್ಕೆ ಒಂದನ್ನು ಕಟ್ಟಿ, 38ರಿಂದ 40ರವರೆಗೆ ಪೋಣಿಸಿದರೆ 230 ವೋಲ್ಟಿಗೆ ಸರಿಹೋಗುತ್ತಿತ್ತು. ಒಂದು ಸುಟ್ಟರೆ ಸರವೆಲ್ಲ ಆರುತ್ತಿತ್ತು. ಆರಿದ್ದನ್ನು ಸತ್ತಿದೆಯೆಂದು ತಿಳಿದು ಕೈಯಿಟ್ಟವನಿಗೆ ಸಿಕ್ಕುವುದು 6 ವೋಲ್ಟಲ್ಲ. ತುಂಡಾದೆಡೆಯ ಎರಡು ತುದಿಗಳ ನಡುವೆ ಪೂರ್ತಿ 230 ವೋಲ್ಟು ನಿಂತಿರುತ್ತದೆ. ಬಲ್ಬು ಬದಲಿಸುವ ಮುನ್ನ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಭಾರದ ಲೆಕ್ಕ

ಸಾಧಾರಣ ಪಲ್ಲಕ್ಕಿಯೊಂದರ ಲೆಕ್ಕವನ್ನು ಹಾಕಿ ನೋಡೋಣ. ಹತ್ತು ವಾಟಿನ ನೂರು ಸರಗಳೆಂದರೆ 1,000 ವಾಟು. 500 ವಾಟಿನ ನಾಲ್ಕು ಫೋಕಸ್ ಲೈಟುಗಳು 2,000. ಓಡುವ ದೀಪಗಳ ಬೋರ್ಡುಗಳಿಗೆ 1,500, ಧ್ವನಿವರ್ಧಕಕ್ಕೆ 2,000 ಎಂದಿಟ್ಟುಕೊಳ್ಳಿ. ಒಟ್ಟು 6,500 ವಾಟು. ಇದನ್ನು 230ರಿಂದ ಭಾಗಿಸಿದರೆ 28 ಆಂಪಿಯರು.

ಗೋಡೆಯ ದೊಡ್ಡ ಪ್ಲಗ್ಗು ತಡೆಯುವುದು 16 ಆಂಪಿಯರು, ಎಂದರೆ 3,680 ವಾಟು ಮಾತ್ರ. ಆದುದರಿಂದ ಪಕ್ಕದ ಮನೆಯವರ ಫ್ರಿಜ್ಜಿನ ಪ್ಲಗ್ಗಿಗೆ ಈ ಪಲ್ಲಕ್ಕಿಯನ್ನು ಪೂರ್ತಿಯಾಗಿ ತೂಗುಹಾಕುವುದು ಸಾಧ್ಯವಿಲ್ಲ. ಹಾಕಿದರೆ ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡುತ್ತದೆ.

ಜನರೇಟರಿನ ಮೇಲೆ ಬರೆದಿರುವುದು ಕಿಲೋವಾಟಲ್ಲ, ಕೆವಿಎ. ಅದನ್ನು ಸಾಮಾನ್ಯವಾಗಿ 0.8ರಿಂದ ಗುಣಿಸಿದರೆ ಕೈಗೆ ಬರುವ ಕಿಲೋವಾಟು ದೊರೆಯುತ್ತದೆ. 7.5 ಕೆವಿಎ ಎಂದರೆ 6 ಕಿಲೋವಾಟು. ನಮ್ಮ ಪಲ್ಲಕ್ಕಿಗೆ ಸಾಲದು. 15 ಕೆವಿಎ ಎಂದರೆ 12 ಕಿಲೋವಾಟು, ಧಾರಾಳ. ಬಾಡಿಗೆಯಲ್ಲಿ ಉಳಿಸಲೆಂದು ಚಿಕ್ಕದನ್ನು ತಂದವರ ಮೆರವಣಿಗೆಯಲ್ಲಿ, ಡೋಲು ಬಡಿದಂತೆಲ್ಲ ದೀಪಗಳು ಮಂಕಾಗುವುದನ್ನು ಕಾಣಬಹುದು.

ಜನರೇಟರಿನಿಂದ ಟ್ರೇಲರಿನ ಬೋರ್ಡಿಗೆ ಬರುವ ಮುಖ್ಯ ಕೇಬಲ್ಲು, ಈ ಲೆಕ್ಕದಂತೆ, 6 ಚದರ ಮಿಲಿಮೀಟರಿನ ತಾಮ್ರವಾಗಿರತಕ್ಕದ್ದು. ಅಲ್ಲಿಂದ ದೀಪಗಳಿಗೊಂದು, ಬೋರ್ಡುಗಳಿಗೊಂದು, ಧ್ವನಿಗೊಂದು ಎಂದು ಕವಲೊಡೆದು, ಪ್ರತಿ ಕವಲಿಗೂ ತನ್ನದೇ ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನಾಗಿಯೇ ಬೀಳುವ ಸ್ವಿಚ್ಚು) ಇರಬೇಕು. ಅದರ ಬದಲಿಗೆ ಹಲವು ಕಡೆ ಕಾಣುವುದು ಒಂದೇ ಫ್ಯೂಸು. ಆ ಫ್ಯೂಸಿನಲ್ಲಿಯೂ ಹಾರಿಹೋದ ಸಣ್ಣ ತಂತಿಯ ಬದಲು ಸುತ್ತಿದ ದಪ್ಪ ತಂತಿ. ಫ್ಯೂಸು ಹಾರುವುದನ್ನು ಅಪಶಕುನವೆಂದು ಬಗೆದು ಅದರ ಬಾಯಿ ಕಟ್ಟಿದಂತಾಯಿತು.

ಎರಡು ಕರೆಂಟುಗಳು ಕೂಡಿದರೆ

ಪಲ್ಲಕ್ಕಿ ದೇವಸ್ಥಾನದ ಮುಂದೆ ಎರಡು ಗಂಟೆ ನಿಲ್ಲಬೇಕಾಗಿದೆ. ಡೀಸೆಲ್ ಉಳಿಯಲಿ ಎಂದು ಜನರೇಟರನ್ನು ಆರಿಸಿ ಊರಿನ ಕರೆಂಟಿಗೆ ಸಿಕ್ಕಿಸುವುದು ವಾಡಿಕೆ. ಇಲ್ಲಿ ಮಾಡಲೇಬಾರದ ಕೆಲಸವೊಂದಿದೆ: ಎರಡನ್ನೂ ಒಂದೇ ಬೋರ್ಡಿಗೆ ಏಕಕಾಲದಲ್ಲಿ ಕೂಡಿಸುವುದು.

ಲೈನಿನಲ್ಲಿ ಕರೆಂಟು ಹೋಗಿದ್ದಾಗ ಜನರೇಟರು ಆ ಬೋರ್ಡಿನ ಮೂಲಕ ಊರಿನ ತಂತಿಗೆ ಹಿಮ್ಮುಖವಾಗಿ ಹರಿದರೆ, ಬೀದಿಯ ಟ್ರಾನ್ಸ್‌ಫಾರ್ಮರು ತಾನು ಹಗಲಿರುಳು ಮಾಡುವ ಕೆಲಸವನ್ನೇ ತಿರುವುಮುರುವಾಗಿ ಮಾಡಿ, 230 ವೋಲ್ಟನ್ನು 11,000 ವೋಲ್ಟಿನತ್ತ ಏರಿಸುತ್ತದೆ. ಕರೆಂಟಿಲ್ಲವೆಂಬ ನಂಬಿಕೆಯಿಂದ ಕಂಬ ಹತ್ತಿದ ಲೈನ್‌ಮನ್ನಿನ ಕೈಗೆ ಅದು ಸಿಕ್ಕುತ್ತದೆ. ಎರಡು ತುದಿಗೂ ಗಂಡು ಪ್ಲಗ್ಗುಳ್ಳ ತಂತಿಯೊಂದನ್ನು ಕೆಲವರು ಹೆಮ್ಮೆಯಿಂದ ಇಟ್ಟುಕೊಂಡಿರುತ್ತಾರೆ. ಅದನ್ನು ಕಂಡ ಕೂಡಲೇ ಕತ್ತರಿಸುವುದು ಲೋಕೋಪಕಾರ.

ಇದಕ್ಕೆ ಉಪಾಯ ಹಳೆಯದು, ಅಗ್ಗವಾದುದು: ಚೇಂಜೋವರ್ ಸ್ವಿಚ್ಚು. ಅದರ ಹಿಡಿ ಒಂದು ಕಡೆಗಿದ್ದರೆ ಜನರೇಟರು, ಇನ್ನೊಂದು ಕಡೆಗಿದ್ದರೆ ಬೆಸ್ಕಾಂ, ನಡುವೆ ಇದ್ದರೆ ಯಾವುದೂ ಇಲ್ಲ. ಎರಡೂ ಸೇರುವುದು ಕಬ್ಬಿಣದ ಮಟ್ಟದಲ್ಲಿಯೇ ಅಸಾಧ್ಯ. ಮಗ್ಗದ ಊರಾದ ದೊಡ್ಡಬಳ್ಳಾಪುರದಲ್ಲಿ ಜನರೇಟರಿಟ್ಟ ನೇಕಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಬೀದಿಯ ಪಲ್ಲಕ್ಕಿಯಲ್ಲಿ ಮಾತ್ರ ಅದು ಅಪರೂಪ.

ಇನ್ನು ಕಂಬದ ತಂತಿಗೇ ಕೊಕ್ಕೆ ಹಾಕಿ ಎಳೆಯುವ ವಿದ್ಯೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 135ನೆಯ ಕಲಮಿನಂತೆ ಅದು ಕಳವು. ಮೂರು ವರ್ಷಗಳವರೆಗೆ ಸೆರೆವಾಸ ಉಂಟು. ದೇವರ ಹೆಸರಿನಲ್ಲಿ ಮಾಡಿದರೂ ಕಳವು ಕಳವೇ. ಉತ್ಸವಗಳಿಗೆಂದೇ ಬೆಸ್ಕಾಂ ತಾತ್ಕಾಲಿಕ ಸಂಪರ್ಕವನ್ನು ಕೊಡುತ್ತದೆ. ಅರ್ಜಿ ಹಾಕಿ, ಹಣ ಕಟ್ಟಿ, ಮೀಟರಿನೊಡನೆ ಪಡೆಯಬಹುದು.

ಹಲಗೆಯ ಮೇಲಿನವರಿಗೆ ಅಭಯ, ನೆಲದವರಿಗೆ ಆಪತ್ತು

ಈಗ ಅವಳಿಗಳ ಸ್ವಭಾವಭೇದಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯವಾದುದೂ, ಎಲ್ಲಕ್ಕಿಂತ ಕಡಮೆ ಜನರಿಗೆ ತಿಳಿದಿರುವುದೂ ಇದೇ.

ಬೆಸ್ಕಾಂ ಕರೆಂಟಿನ ನ್ಯೂಟ್ರಲ್ ತಂತಿಯು ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಭೂಮಿಗೆ ಸೇರಿರುತ್ತದೆ. ಎಂದರೆ ನಾವು ನಿಂತ ನೆಲವೇ ಆ ಮಂಡಲದ ಒಂದು ತುದಿ. ಫೇಸನ್ನು ಮುಟ್ಟಿ ನೆಲದ ಮೇಲೆ ನಿಂತವನು ಮಂಡಲವನ್ನು ಪೂರ್ತಿಮಾಡುತ್ತಾನೆ.

ಟ್ರೇಲರಾದರೋ ರಬ್ಬರಿನ ಗಾಲಿಗಳ ಮೇಲೆ ನಿಂತು ಭೂಮಿಯ ಸಂಬಂಧವನ್ನೇ ಕಡಿದುಕೊಂಡಿದೆ. ಹೂವಿನ ಮರೆಯಲ್ಲಿ ಎಲ್ಲಿಯೋ ಒಂದು ತಂತಿಯ ಸಿಪ್ಪೆ ಕಿತ್ತು, ಫೇಸು ಕಬ್ಬಿಣದ ಚೌಕಟ್ಟಿಗೆ ತಗಲಿತೆನ್ನಿ. ಆಗ ಏನಾಗುತ್ತದೆ? ಏನೂ ಆಗುವುದಿಲ್ಲ! ದೀಪಗಳು ಉರಿಯುತ್ತಲೇ ಇರುತ್ತವೆ, ಫ್ಯೂಸು ಹಾರುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ಟ್ರೇಲರಿನ ಇಡೀ ಮೈ 230 ವೋಲ್ಟಿಗೇರಿ ಸುಮ್ಮನೆ ಕಾದಿರುತ್ತದೆ.

ಮೇಲೆ ಕುಳಿತ ಅರ್ಚಕರ ಕಾಲೂ ಕೈಯೂ ಒಂದೇ ವೋಲ್ಟೇಜಿನ ಮಟ್ಟದಲ್ಲಿರುವುದರಿಂದ ಅವರಿಗೆ ಯಾವ ಬಾಧೆಯೂ ತಿಳಿಯುವುದಿಲ್ಲ. ಆರತಿ ತಟ್ಟೆ ಕೊಡಲೆಂದು ಬರಿಗಾಲಿನಲ್ಲಿ ಬಂದ ಹೆಂಗಸು, ಈಗತಾನೆ ನೀರು ಚಿಮುಕಿಸಿ ರಂಗೋಲಿ ಹಾಕಿದ ಬೀದಿಯಲ್ಲಿ ನಿಂತು, ಒಂದು ಕೈಯಿಂದ ಟ್ರೇಲರಿನ ಅಂಚನ್ನು ಹಿಡಿಯುತ್ತಾಳೆ. ಒದ್ದೆಯ ಮೈಯ ತಡೆ ಸಾವಿರ ಓಮಿನಷ್ಟೆಂದು ಹಿಡಿದರೆ ಅವಳ ಮೂಲಕ ಹರಿಯುವುದು 0.23 ಆಂಪಿಯರು. ಹೃದಯದ ಲಯ ಕೆಡಲು ಅದರ ಕಾಲುಭಾಗವೇ ಸಾಕು. ಆದರೆ 16 ಆಂಪಿಯರಿನ ಎಂಸಿಬಿಗೆ 0.23 ಎಂಬುದು ಗಣನೆಗೇ ಬಾರದು. ಅದು ತಂತಿಯನ್ನು ಕಾಯಲೆಂದು ಹುಟ್ಟಿದ್ದೇ ಹೊರತು ಮನುಷ್ಯನನ್ನಲ್ಲ.

ಈ ಆಪತ್ತು ಇರುವುದು ಹೊರಡುವಾಗಲ್ಲ, ನಿಲ್ಲುವಾಗ. ಜನರೇಟರು ಗುಡುಗುವಾಗಲ್ಲ, ಅದು ಸುಮ್ಮನಾಗಿ ಊರಿನ ಕರೆಂಟಿಗೆ ತಂತಿ ಎಳೆದ ಆ ಗಳಿಗೆಯಲ್ಲಿ.

ಇದಕ್ಕೆ ಪರಿಹಾರವೇ ಹಸುರು ತಂತಿ, ನಮ್ಮವರು ‘ಅರ್ತಿಂಗು’ ಎನ್ನುವುದು. ಊರಿನ ಕರೆಂಟಿನೊಡನೆ ಮೂರನೆಯ ಪಿನ್ನಿನ ಮೂಲಕ ಬಂದು, ಟ್ರೇಲರಿನ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿಯಾಗಿ ಕಚ್ಚಿರಬೇಕು. ಫೇಸು ಚೌಕಟ್ಟಿಗೆ ತಗಲಿದೊಡನೆ ದೊಡ್ಡ ಪ್ರವಾಹ ಇದರಲ್ಲಿ ಹರಿದು ಎಂಸಿಬಿ ಬೀಳುತ್ತದೆ. ಒಳ್ಳೆಯ ದಿನಗಳಲ್ಲಿ ಇದರಲ್ಲಿ ಏನೂ ಹರಿಯದಿರುವುದರಿಂದ, ಇದಿಲ್ಲದೆಯೂ ದೀಪ ಉರಿಯುವುದರಿಂದ, ‘ಲೈಟು ಹತ್ತಿತಲ್ಲ, ಸಾಕು ಬಿಡಿ’ ಎಂಬ ಮಾತು ಈ ಕಸುಬಿನಲ್ಲಿ ನಿಂತುಬಿಟ್ಟಿದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡೇ ತಂತಿ ಸಿಕ್ಕಿಸಿರುವುದನ್ನು ಬಿಚ್ಚಿ ನೋಡಿದ ಹೊರತು ಕಾಣಲಾರಿರಿ.

ಎರಡನೆಯ ಕಾವಲು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಎಂದರೂ ಅದನ್ನೇ ಕೊಡುತ್ತಾರೆ. ಹೊರಟ ಹಣವೆಷ್ಟು, ತಿರುಗಿ ಬಂದುದೆಷ್ಟು ಎಂದು ಹಳೆಯ ಶಾನುಭೋಗರು ಲೆಕ್ಕ ಹಿಡಿಯುತ್ತಿದ್ದಂತೆ, ಫೇಸಿನಲ್ಲಿ ಹೋದುದು ನ್ಯೂಟ್ರಲಿನಲ್ಲಿ ಮರಳಿತೇ ಎಂದು ಇದು ಸದಾ ತಾಳೆ ನೋಡುತ್ತಿರುತ್ತದೆ. 0.03 ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ, ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಎಲ್ಲವನ್ನೂ ಕಡಿದುಬಿಡುತ್ತದೆ.

ಜನರೇಟರಿನಲ್ಲಿ ಮತ್ತೊಂದು ಸೂಕ್ಷ್ಮ. ಸಣ್ಣ ಜನರೇಟರುಗಳಲ್ಲಿ ಎಷ್ಟೋ ವೇಳೆ ಎರಡು ತಂತಿಗಳೂ ಅದರ ಕಬ್ಬಿಣದ ಮೈಗೆ ಸೇರಿರುವುದಿಲ್ಲ. ಆಗ ಮೊದಲ ದೋಷ ಯಾರಿಗೂ ತಿಳಿಯದಂತೆ ಅಡಗಿ ಕುಳಿತು, ಎರಡನೆಯ ದೋಷ ಬಂದ ದಿನ ಪೂರ್ತಿ ವೋಲ್ಟೇಜಿನೊಡನೆ ಹೊರಬೀಳುತ್ತದೆ. ಆದುದರಿಂದ ಜನರೇಟರಿನ ನ್ಯೂಟ್ರಲು, ಅದರ ಮೈ, ಟ್ರೇಲರಿನ ಚೌಕಟ್ಟು ಈ ಮೂರನ್ನೂ ಒಂದಾಗಿ ಬೆಸೆದರೆ ಮೊದಲ ದೋಷಕ್ಕೇ ಎಂಸಿಬಿ ಬೀಳುತ್ತದೆ. ಊರಿನ ಕರೆಂಟಿಗೆ ತಿರುಗಿಸುವಾಗ ಮಾತ್ರ ನ್ಯೂಟ್ರಲಿನ ಆ ಬೆಸುಗೆ ಬಿಟ್ಟುಕೊಳ್ಳಬೇಕು; ಫೇಸು, ನ್ಯೂಟ್ರಲು ಎರಡನ್ನೂ ಬದಲಿಸುವ ಚೇಂಜೋವರು ಹಾಕಿ, ಬೆಸುಗೆಯನ್ನು ಜನರೇಟರಿನ ಕಡೆ ಇಟ್ಟರೆ ಆ ಕೆಲಸ ತಾನಾಗಿಯೇ ಆಗುತ್ತದೆ.

ಚೌಕಟ್ಟು: ಗಾಡಿಗೆ ಕರೆಂಟು ತಗಲಿದರೆ

ಮೇಲಿರುವವರು ಅಲ್ಲಿಯೇ ಇರಬೇಕು. ಬೆಂಕಿ ಬಿದ್ದು ಇಳಿಯಲೇಬೇಕಾದರೆ, ಒಂದು ಕಾಲು ಗಾಡಿಯಲ್ಲಿ ಒಂದು ಕಾಲು ನೆಲದಲ್ಲಿ ಆಗದಂತೆ, ಯಾವುದನ್ನೂ ಹಿಡಿಯದೆ, ಎರಡು ಕಾಲನ್ನೂ ಜೋಡಿಸಿ ಜಿಗಿಯಬೇಕು. ಕೆಳಗಿನವರು ಗಾಡಿಯನ್ನಾಗಲಿ, ಅಂಟಿಕೊಂಡವನನ್ನಾಗಲಿ ಮುಟ್ಟದೆ ಮೊದಲು ಕರೆಂಟು ಆರಿಸಬೇಕು. ಬೆಸ್ಕಾಂ ಸಹಾಯವಾಣಿ 1912.

ಮೇಲಿನ ತಂತಿ

ಒಳಗಿನ ತಂತಿಗಳು ಎಷ್ಟು ಸರಿಯಿದ್ದರೂ ಮೇಲಿನ ತಂತಿಯೊಂದು ಉಳಿಯುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಬೀದಿಗೆ ಅಡ್ಡ ಹಾಯುವ ಸಾಧಾರಣ ತಂತಿಗೆ 5.8 ಮೀಟರು, ಹನ್ನೊಂದು ಸಾವಿರ ವೋಲ್ಟಿನದಕ್ಕೆ 6.1 ಮೀಟರು ಎತ್ತರವನ್ನು ವಿಧಿಸಿದ್ದುವು. ಆ ಮೇಲೆ ರಸ್ತೆಗೆ ಡಾಂಬರಿನ ಪದರಗಳು ಏರುತ್ತ ಬಂದುವು, ತಂತಿಗಳು ಜೋಲುತ್ತ ಬಂದುವು, ಪಲ್ಲಕ್ಕಿಯ ಗೋಪುರಗಳು ಬೆಳೆಯುತ್ತ ಬಂದುವು.

2022ರ ಏಪ್ರಿಲ್ 27ರ ನಸುಕಿನಲ್ಲಿ ತಂಜಾವೂರಿನ ಬಳಿಯ ಕಳಿಮೇಡು ಗ್ರಾಮದಲ್ಲಿ ಅಲಂಕೃತ ತೇರೊಂದು ಮೇಲಿನ ಹೈಟೆನ್ಷನ್ ತಂತಿಗೆ ತಗಲಿ 11 ಜನ ಮಡಿದರು. ನಮ್ಮಲ್ಲಿಯೇ, 2024ರ ಜನವರಿ 8ರಂದು, ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನೊಬ್ಬನ ಕಟೌಟು ನಿಲ್ಲಿಸುವಾಗ ಕರೆಂಟು ತಗಲಿ ಮೂವರು ತರುಣರು ಸತ್ತರು. ಹನ್ನೊಂದು ಸಾವಿರ ವೋಲ್ಟಿನ ಮುಂದೆ ಒಣಗಿದ ಕವೆಗೋಲೂ, ಅದಕ್ಕೆ ಕಟ್ಟಿದ ಪ್ಲಾಸ್ಟಿಕ್ ಪೈಪೂ ರಕ್ಷೆಯಲ್ಲ. ಇಬ್ಬನಿ ಬಿದ್ದ ಬಿದಿರಂತೂ ವಾಹಕವೇ. ದಾರಿಯನ್ನು ಮುಂಚಿತವಾಗಿ ನಡೆದು ನೋಡಿ, ಗೋಪುರದ ಎತ್ತರವನ್ನು ಅಳೆದು, ಆ ಹೊತ್ತಿಗೆ ಲೈನು ಆರಿಸುವಂತೆ ಬೆಸ್ಕಾಂನವರಲ್ಲಿ ಬರೆದು ಕೇಳಿಕೊಳ್ಳುವುದೊಂದೇ ದಾರಿ.

ವಿಮಾನಕ್ಕೂ ಇದೇ ಪಾಡು

ಚಲಿಸುವಾಗ ತನ್ನದೇ ಕರೆಂಟು, ನಿಂತಾಗ ನೆಲದ ಕರೆಂಟು ಎಂಬ ಈ ಪಾಡು ಪಲ್ಲಕ್ಕಿಯೊಂದರದೇ ಅಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲಿ 2008ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿದ ವಿಮಾನ ನಿಲ್ದಾಣದಲ್ಲಿ ಬಂದು ನಿಂತ ದೊಡ್ಡ ವಿಮಾನಗಳಿಗೂ ಹೊಟ್ಟೆಯ ಬಳಿ ಕೇಬಲ್ಲು ಸಿಕ್ಕಿಸಿ, 115 ವೋಲ್ಟು, 400 ಆವರ್ತದ ಕರೆಂಟನ್ನು ಊಡುತ್ತಾರೆ. ಆ ಪ್ಲಗ್ಗಿನಲ್ಲಿ ವಿಶೇಷವಾದ ಗಿಡ್ಡ ಪಿನ್ನುಗಳಿವೆ. ಪ್ಲಗ್ಗು ಪೂರ್ತಿ ಕೂರದ ಹೊರತು ಕರೆಂಟು ಹಾಯುವುದೇ ಇಲ್ಲ.

ವಾಸದ ಟ್ರೇಲರುಗಳನ್ನು ಎಳೆದುಕೊಂಡು ಊರೂರು ಅಲೆಯುವ ಯೂರೋಪಿನವರು, ತಂಗುವ ತಾಣದ ಕಂಬಕ್ಕೆ ನೀಲಿ ಬಣ್ಣದ 16 ಆಂಪಿಯರಿನ ಪ್ಲಗ್ಗು ಸಿಕ್ಕಿಸುತ್ತಾರೆ. ಅಮೆರಿಕದವರದು 120 ವೋಲ್ಟಿನ 30 ಆಂಪಿಯರು, ಇಲ್ಲವೆ 50 ಆಂಪಿಯರಿನ ದೊಡ್ಡ ಪ್ಲಗ್ಗು. ಎರಡರಲ್ಲೂ ಅರ್ತಿನ ಪಿನ್ನು ಉಂಟು. ಅದನ್ನು ಬಿಟ್ಟು ಸಿಕ್ಕಿಸಲು ಬರುವುದಿಲ್ಲ. ನಮ್ಮ ದೊಡ್ಡ ಪ್ಲಗ್ಗಿಗೂ ಮೂರನೆಯ ದಪ್ಪ ಪಿನ್ನು ಇದ್ದೇ ಇದೆ. ಇಲ್ಲದಿರುವುದು ಅದರ ಹಿಂದಿನ ತಂತಿ ಮಾತ್ರ.

ಈ ವರ್ಷ ಪಲ್ಲಕ್ಕಿಯನ್ನು ಗೊತ್ತುಮಾಡಲು ಹೋಗುವ ಉತ್ಸವ ಸಮಿತಿಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ನವಿಲಿನ ಗರಿ ಎಷ್ಟು ಬಣ್ಣಕ್ಕೆ ತಿರುಗುತ್ತದೆಂದು ನೋಡುವ ಮೊದಲು, ಟ್ರೇಲರಿನ ಬೋರ್ಡನ್ನು ತೆರೆಸಿ, ಚೌಕಟ್ಟಿಗೆ ಬೋಲ್ಟು ಹಾಕಿದ ಹಸುರು ತಂತಿಯನ್ನು ಕಣ್ಣಾರೆ ಕಾಣಿರಿ. ಅನಂತರ ದೀಪಗಳನ್ನೆಲ್ಲ ಹತ್ತಿಸಿ, ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಎಂಬ ಪುಟ್ಟ ಗುಂಡಿಯನ್ನು ಒತ್ತಿಸಿರಿ. ದೀಪಗಳೆಲ್ಲ ಒಮ್ಮೆಗೇ ಆರಿದರೆ ಮುಂಗಡ ಕೊಡಬಹುದು. ಆರದಿದ್ದರೆ ಬೇರೆ ಪಲ್ಲಕ್ಕಿಯನ್ನು ನೋಡಿರಿ.